ಗುಡ್ಡದ ಆಚೆ ಮಗ್ಗಲು

ಕಾರಿನಿಂದ ಇಳಿದ ಖಾಸೀಂಬಿ ತಲೆ ಎತ್ತಿ ನೋಡಿದಳು. ಇನ್ನಷ್ಟು ಎತ್ತಿದಳು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದರೂ ಗುಡ್ಡದ ತುದಿ ಸಿಗಲಿಲ್ಲ.

"ಇದರ ತಲಿ ಎಲ್ಲದ ಬೇ?" ಎಂದು ಪಕ್ಕದಲ್ಲಿ ನಿಂತಿದ್ದ ದ್ರೌಪದಿಯನ್ನು ಕೇಳಿದಳು.

"ಮೋಡದಾಗ ಅದ," ಎಂದಳು ದ್ರೌಪದಿ.

ಕಾರಿಗೆ ಕೀಲಿ ಹಾಕುತ್ತಿದ್ದ ಸುಮಂಗಲಾ ನಕ್ಕಳು. "ಅದರ ತಲಿಗೆ ನಾವು ಹೋಗಂಗಿಲ್ಲ ಖಾಲಾ. ಅದರ ಹೆಗಲ ಮ್ಯಾಲೆ ಒಂದು ನೋಡೂ ಜಾಗಾ ಅದ, ಅಲ್ಲಿತನಕ ಅಷ್ಟ. ಹಗೂರ ದಾರಿ. ಸಣ್ಣ ಹುಡುಗರು, ಮುದುಕರು ಎಲ್ಲಾರೂ ಹೋಗ್ತಾರ."

"ನಾವು ಯಾವುದರಾಗ ಬರ್ತೇವಿ, ಹುಡುಗರಾಗೋ ಮುದುಕರಾಗೋ?" ಎಂದಳು ಖಾಸೀಂಬಿ. ಉತ್ತರಕ್ಕೆ ಕಾಯದೆ ಸೀರೆಯ ನಿರಿಗೆಯನ್ನು ಒಂದಿಷ್ಟು ಮೇಲಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಸುಮಂಗಲಾ ದ್ರೌಪದಿಯ ಮಗಳು. ಫ್ರಾನ್ಸಿನ ಟುಲೂಜ್ ನಗರದ ಒಂದು ಪ್ರಯೋಗಾಲಯದಲ್ಲಿ ಕಡಲೆಯ ಬೇರಿಗೆ ತಗಲುವ ರೋಗಗಳ ಮೇಲೆ ಕೆಲಸ ಮಾಡುತ್ತಾಳೆ. ಬೇಸಿಗೆಯಲ್ಲಿ ಬಂದುಹೋಗಿರಿ ಎಂದು ಅಪ್ಪ ಅವ್ವ ಇಬ್ಬರನ್ನೂ ಕರೆದಿದ್ದಳು. ನಿವೃತ್ತ ಮಾಸ್ತರರಾದ ಅಪ್ಪ ಭಗವಂತರು ಮೊಣಕಾಲು ತೋರಿಸಿ ಜೇವರ್ಗಿಯಲ್ಲೇ ಉಳಿದರು. ದ್ರೌಪದಿಯದು ಒಂದೇ ಹಟ: "ಖಾಸೀಂ ಬಂದ್ರ ಬರ್ತೇನಿ."

ಖಾಸೀಂಬಿ ಜೇವರ್ಗಿಯಲ್ಲಿ ಅವರ ಹಿಂದಿನ ಓಣಿಯವಳು, ಹೆಂಗಸರ ಬಟ್ಟೆ ಹೊಲಿಯುವವಳು. ತವರು ಭೀಮಾ ದಂಡೆಯ ಮಣ್ಣೂರು. ಅಣ್ಣ ಅಬ್ದುಲ್ ಗನಿಯ ಜತೆ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗಿ ಬಂದಿದ್ದರಿಂದ ಆಕೆಯ ಬಳಿ ಪಾಸ್‌ಪೋರ್ಟ್ ಇತ್ತು, ವಿಮಾನದಲ್ಲಿ ಕುಳಿತ ಅನುಭವವೂ ಇತ್ತು. ಹೊರಡುವ ಮಾತು ಬಂದಾಗ ಅಬ್ದುಲ್ ಗನಿ, "ಅಲ್ಲಿ ನಿಂದೇನ್ ಕೆಲಸ?" ಎಂದು ಕೇಳಿದ್ದ. "ನೋಡೂ ಕೆಲಸ," ಎಂದು ಆಕೆ ಹೇಳಿದ್ದಳು.

ದ್ರೌಪದಿಯ ಕಾರಣ ಬೇರೆ ಇತ್ತು. ಅದನ್ನು ಮಗಳಿಗೂ ಹೇಳಿರಲಿಲ್ಲ.

ಅಂದೋಲಾದ ಆರೋಗ್ಯ ಕೇಂದ್ರದಲ್ಲಿ ಆಕೆ ಬಹಳ ವರ್ಷ ನರ್ಸಬಾಯಿಯಾಗಿದ್ದಳು. ಅಲ್ಲಿನ ಹೆರಿಗೆ ಕೋಣೆಯ ಗೋಡೆಗೆ ಯಾವ ಕಾಲದಲ್ಲೋ ಯಾರೋ ಒಂದು ದೊಡ್ಡ ಚಿತ್ರ ಅಂಟಿಸಿದ್ದರು. ಹಿಮ ಹೊತ್ತ ಬೆಟ್ಟ, ಅದರ ಮುಂದೆ ಹಸಿರು ಇಳಿಜಾರು, ಮೊನಚು ಮರಗಳು. ಬಿಸಿಲಿಗೆ ಬಣ್ಣವೆಲ್ಲ ಹೋಗಿ ನೀಲಿಯೊಂದೇ ಉಳಿದಿತ್ತು. ನೋವು ತಿನ್ನುವ ಹೆಂಗಸರಿಗೆ ಆಕೆ, "ಅತ್ತ ನೋಡವ್ವಾ, ಆ ಗುಡ್ಡಾ ನೋಡು, ಉಸಿರು ಬಿಡು," ಎನ್ನುತ್ತಿದ್ದಳು. ಅವರು ನೋಡುತ್ತಿದ್ದರು. ಕೆಲವರು ಕೇಳುತ್ತಲೂ ಇದ್ದರು, ಅದರ ಹಿಂದೆ ಏನಿದೆ ಎಂದು. ದ್ರೌಪದಿ ಬಾಯಿಗೆ ಬಂದದ್ದು ಹೇಳುತ್ತಿದ್ದಳು. ಒಬ್ಬಳಿಗೆ ಸಮುದ್ರ, ಇನ್ನೊಬ್ಬಳಿಗೆ ಇನ್ನೊಂದು ಗುಡ್ಡ, ಮತ್ತೊಬ್ಬಳಿಗೆ ಮಾವಿನ ತೋಟ.

ಕೊಳಕೂರಿನ ಸುಂದರಬಾಯಿ ಎಂಬವಳು ಮಾತ್ರ ಒಪ್ಪಲಿಲ್ಲ. "ನೀವು ನೋಡೀರೇನ್ರಿ ಬಾಯಿ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದಳು. ನೋಡಿಲ್ಲ ಎಂದು ದ್ರೌಪದಿ ಒಪ್ಪಿಕೊಂಡಳು. "ನೋಡಿಲ್ಲಂದ್ರ ಯಾಕ ಹೇಳ್ತೀರಿ? ಹೋಗಿ ನೋಡಿ ಬರ್ರಿ ಮೊದಲ!" ಎಂದು ಆ ನೋವಿನಲ್ಲೂ ಗದರಿಸಿ, ಮರುಗಳಿಗೆಯಲ್ಲೇ ಹೆಣ್ಣುಮಗುವನ್ನು ಹೆತ್ತಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ದ್ರೌಪದಿಯೂ ನಕ್ಕಳು. ಆದರೆ ಆ ಮಾತು ಆಕೆಯೊಳಗೆ ಎಲ್ಲೋ ಕೂತೇ ಇತ್ತು. ಪಿರನೀಸ್ ಎಂಬ ಹಿಮದ ಬೆಟ್ಟಸಾಲು ತಾನಿರುವ ಊರಿಗೆ ಹತ್ತಿರ, ಈಚೆ ಫ್ರಾನ್ಸ್, ಆಚೆ ಸ್ಪೇನ್, ನಡುವೆ ಅದು ಗೋಡೆಯ ಹಾಗೆ ನಿಂತಿದೆ ಎಂದು ಮಗಳು ಫೋನಿನಲ್ಲಿ ಹೇಳಿದ ದಿನವೇ, ಹೋಗಬೇಕೆಂದು ದ್ರೌಪದಿ ನಿಶ್ಚಯಿಸಿದ್ದಳು.

ದಾರಿ ಕಾಡಿನೊಳಗಿಂದ ಶುರುವಾಯಿತು. ಬೂದು ಬಣ್ಣದ ನುಣುಪು ಕಾಂಡದ ಮರಗಳು, ಕಲ್ಲುಗಳಿಗೆಲ್ಲ ದಪ್ಪ ಹಾವಸೆ. ಅಲ್ಲಲ್ಲಿ ಕಲ್ಲಿನ ಮೇಲೋ ಮರದ ಮೇಲೋ ಹಳದಿ ಬಣ್ಣದ ಪಟ್ಟೆ ಬಳಿದಿದ್ದರು. ಆ ಪಟ್ಟೆ ಕಾಣುವವರೆಗೆ ದಾರಿ ತಪ್ಪಿಲ್ಲವೆಂದು ಅರ್ಥ ಎಂದಳು ಸುಮಂಗಲಾ. ಇಳಿದು ಬರುವವರು ಎದುರಾದಾಗಲೆಲ್ಲ "ಬೋಂಜೂರ್" ಎನ್ನುತ್ತಿದ್ದರು. ಖಾಸೀಂಬಿ ಎರಡನೆಯವರಿಗೇ ಅದನ್ನು ಕಲಿತು, ಆಮೇಲೆ ಅವರಿಗಿಂತ ಮೊದಲು ತಾನೇ ಅನ್ನತೊಡಗಿದಳು. ಒಬ್ಬ ಅಜ್ಜ ನಿಂತು ಟೋಪಿ ತೆಗೆದು ವಂದಿಸಿದ.

ತಿರುವು ಬಂದ ಕೂಡಲೇ ಖಾಸೀಂಬಿಯ ಕಾಲು ಚುರುಕಾಗುತ್ತಿತ್ತು. ಜೇವರ್ಗಿಯ ಹೊಲದಲ್ಲಿ ನಿಂತವರಿಗೆ ಬರುವ ಬಸ್ಸಿನ ಧೂಳು ಮೊದಲು ಕಾಣುತ್ತದೆ, ಬಸ್ಸು ಆಮೇಲೆ. ಯಾರು ಬರುತ್ತಿದ್ದಾರೆ, ಯಾರ ಎತ್ತು, ತಲೆಯ ಮೇಲೆ ಏನು ಹೊತ್ತಿದ್ದಾರೆ, ಎಲ್ಲ ದೂರದಿಂದಲೇ ತಿಳಿಯುತ್ತದೆ. ಇಲ್ಲಿ ತಿರುವಿನ ಆಚೆ ಏನಿದೆ ಎಂಬುದು ತಿರುವು ದಾಟದೆ ಗೊತ್ತಾಗುತ್ತಿರಲಿಲ್ಲ. ಅದು ಆಕೆಗೆ ತಡೆಯಲಾಗದ ವಿಷಯ. ಓಡಿದಂತೆ ಹೋಗಿ ನೋಡಿ, ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು.

"ಇಲ್ಲಿ ನೀರು ಅದ! ಕಲ್ಲಿನಾಗಿಂದ ಬರಾಕತ್ತದ!"

ದ್ರೌಪದಿ ಬಂದು ನೋಡಿದಳು. ಬಂಡೆಯ ಸಂದಿನಿಂದ ನೀರು ದಾರಿಗೆ ಅಡ್ಡವಾಗಿ ಹರಿದು ಕೆಳಗೆ ಜಿಗಿಯುತ್ತಿತ್ತು. ಖಾಸೀಂಬಿ ಬೊಗಸೆಯಲ್ಲಿ ಹಿಡಿದು, "ಅಯ್ಯಯ್ಯ, ಥಂಡಿ," ಎಂದು ಕೈ ಕೊಡವಿದಳು.

"ನೋಡ್ ಬೇ, ನಮ್ಮಲ್ಲಿ ನೀರಿಗೆ ಇಳೀಬೇಕು. ಹೊಳಿಗೆ ಇಳೀಬೇಕು, ಬಾವಿಗೆ ಇಳೀಬೇಕು. ಇಲ್ಲಿ ನೀರೇ ಇಳಕೊಂಡು ಮನಿ ಬಾಗಿಲಿಗೆ ಬರ್ತದ. ಇಲ್ಲಿ ಹೆಂಗಸರಿಗೆ ನಡುನೋವು ಇರಲಿಕ್ಕಿಲ್ಲ."

"ನಡುನೋವು ಎಲ್ಲಾ ಕಡಿ ಅದ," ಎಂದಳು ನರ್ಸಬಾಯಿ.

ಕಾಡು ಮುಗಿಯುವ ಮೊದಲು ಒಂದು ಫಲಕ ಬಂತು. ಅದರ ಮೇಲೆ ದೊಡ್ಡ ಬಿಳಿ ನಾಯಿಯ ಚಿತ್ರ. ಖಾಸೀಂಬಿಗೆ ನಾಯಿ ಎಂದರೆ ಆಗದು. ಇದೇನು ಎಂದು ಕೇಳಿದಳು.

"ಮ್ಯಾಲೆ ಕುರಿ ಮೇಯ್ಸವರು ಇರ್ತಾರ. ಅವರ ಕುರಿ ಕಾಯೂ ನಾಯಿ ಅದು," ಎಂದು ಸುಮಂಗಲಾ ಓದಿ ಹೇಳಿದಳು. "ಎದುರಿಗೆ ಬಂದ್ರ ಓಡಬಾರದು, ಕೋಲು ಎತ್ತಬಾರದು, ಚೀರಬಾರದು. ಸುಮ್ನ ನಿಂತು ಮೆತ್ತಗ ಮಾತಾಡಬೇಕಂತ. ಅದಕ್ಕ ನಂಬಿಕಿ ಬಂದ ಮ್ಯಾಲೆ ಕುರಿ ಬಿಟ್ಟು ದೂರದಿಂದ ಸುತ್ತಿ ಹೋಗಬೇಕು."

"ಮಾತಾಡಬೇಕಾ? ನಾಯಿ ಕೂಡ? ಯಾವ ಭಾಷಾದಾಗ?"

ಸುಮಂಗಲಾ ನಗುತ್ತ ಹಿಂದಕ್ಕೆ ತಿರುಗಿ ಏನೋ ಹೇಳಹೋದಳು. ಆಗಲೇ ಆಕೆಯ ಕಾಲು ಒದ್ದೆ ಬೇರಿನ ಮೇಲೆ ಜಾರಿತು. ಕಾಲು ಒಂದು ಕಡೆ, ಆಕೆ ಒಂದು ಕಡೆ. ಕೂತಲ್ಲೇ ಹಲ್ಲು ಕಚ್ಚಿದಳು.

ಕಾಡಿನ ಅಂಚಿನಲ್ಲಿ ಕಲ್ಲಿನ ಒಂದು ಪುಟ್ಟ ಮನೆ, ಅದರ ಮುಂದೆ ಮರದ ಬೆಂಚುಗಳು ಇದ್ದವು. ಅಲ್ಲಿಯವರೆಗೆ ಇಬ್ಬರೂ ಹೆಗಲು ಕೊಟ್ಟು ನಡೆಸಿದರು. ದ್ರೌಪದಿ ಬೂಟು ಬಿಚ್ಚಿ, ಹಿಮ್ಮಡಿ ಹಿಡಿದು, ಪಾದವನ್ನು ಮೆಲ್ಲಗೆ ಅತ್ತ ಇತ್ತ ತಿರುಗಿಸಿ ನೋಡಿದಳು. ಮೂಳೆಗೆ ಏನೂ ಆಗಿರಲಿಲ್ಲ, ನರ ಉಳುಕಿತ್ತು. ಮಗಳ ಕೊರಳ ಬಟ್ಟೆಯನ್ನು ಪಕ್ಕದಲ್ಲೇ ಹರಿಯುತ್ತಿದ್ದ ಝರಿಯ ನೀರಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಿ, ಕಾಲನ್ನು ಬೆಂಚಿನ ಮೇಲೆ ಎತ್ತಿ ಇಡಿಸಿದಳು.

"ಸ್ವಲ್ಪ ಹೊತ್ತು ಹಿಂಗ ಇರ್ಲಿ. ಬಾವು ಇಳೀತದ. ಆಮ್ಯಾಲೆ ನಡೀಬಹುದು."

"ಆಮ್ಯಾಲೆ ಕೆಳಗ ಇಳಿಯೂಣ," ಎಂದಳು ಸುಮಂಗಲಾ. ಆಕೆಯ ದನಿಯಲ್ಲಿ ನೋವಿಗಿಂತ ಬೇಸರ ಹೆಚ್ಚಿತ್ತು. "ಮತ್ತೊಂದು ಸಲ ಬರೂಣವ್ವಾ."

ದ್ರೌಪದಿ ಮೇಲಕ್ಕೆ ನೋಡಿದಳು. ಮರಗಳು ಮುಗಿದು ಅಲ್ಲಿಂದಾಚೆ ಬರೀ ಹುಲ್ಲು. ಹುಲ್ಲಿನ ನಡುವೆ ದಾರಿ ಬೆಳ್ಳಗೆ ಏರುತ್ತ ಹೋಗಿ ಮೋಡದಲ್ಲಿ ಸೇರಿಕೊಂಡಿತ್ತು.

"ಸುಮಿ, ನಾನು ಹೋಗಿ ಬರ್ತೇನಿ," ಎಂದಳು.

"ಎಲ್ಲಿಗೆ?"

"ಮ್ಯಾಲೆ."

ಸುಮಂಗಲಾ ಅವ್ವನ ಮುಖ ನೋಡಿದಳು. ಮಕ್ಕಳ ಪರೀಕ್ಷೆ, ಗಂಡನ ವರ್ಗಾವಣೆ, ಊರ ಹೆಂಗಸರ ಹೆರಿಗೆ, ಇವುಗಳ ನಡುವೆ ಅವ್ವ ತನಗಾಗಿ ಏನನ್ನಾದರೂ ಕೇಳಿದ್ದು ಆಕೆಗೆ ನೆನಪಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದವಳು ಬೇರೆಯದನ್ನೇ ಹೇಳಿದಳು.

"ಫೋನ್ ಹತ್ತಂಗಿಲ್ಲವ್ವಾ ಇಲ್ಲಿ. ಭಾಷಾ ಬರಂಗಿಲ್ಲ."

"ಮಳಿಗಾಲದಾಗ ಹಳ್ಳ ದಾಟಿ ಒಬ್ಬಾಕಿನ ಊರೂರಿಗೆ ಹೋಗೇನಿ. ಆಗ ಫೋನ್ ಎಲ್ಲಿತ್ತು?"

"ಒಬ್ಬಾಕಿ ಯಾಕ?" ಎಂದಳು ಖಾಸೀಂಬಿ. "ನಾ ಏನು ಇಲ್ಲಿ ಕಾಲು ಒತ್ತಕೋತ ಕೂಡ್ಲಾ?"

ಪಕ್ಕದ ಬೆಂಚಿನಲ್ಲಿ ಊಟ ಬಿಚ್ಚಿಕೊಂಡಿದ್ದ ಒಂದು ಕುಟುಂಬ ಇದನ್ನೆಲ್ಲ ನೋಡುತ್ತಿತ್ತು. ಅವರು ಸುಮಂಗಲಾಳಿಗೆ ತಂಪು ನೀರಿನ ಬಾಟಲಿ ಕೊಟ್ಟು, ತಾವು ಇಲ್ಲೇ ಇರುತ್ತೇವೆ ಎಂದರು. ಸುಮಂಗಲಾ ಮತ್ತೆ ಮತ್ತೆ ಹೇಳಿದಳು: ಹಳದಿ ಪಟ್ಟೆ ಬಿಡಬೇಡಿ, ಮೇಲೆ ದುಂಡನೆಯ ಕಲ್ಲಿನ ಕಟ್ಟೆ ಇದೆ, ಅದರ ಮೇಲೆ ಬೆಟ್ಟಗಳ ಹೆಸರು ಕೆತ್ತಿದ್ದಾರೆ, ಅದನ್ನು ಮುಟ್ಟಿ ತಿರುಗಿ ಬನ್ನಿ.

ಇಬ್ಬರೂ ಹೊರಟರು.

ಹುಲ್ಲಿನ ದಾರಿ ಕಡಿದಾಗಿರಲಿಲ್ಲ. ಆದರೆ ಮೋಡ ಅವರು ಅಂದುಕೊಂಡದ್ದಕ್ಕಿಂತ ಬೇಗ ಕೆಳಗಿಳಿದು ಬಂತು. ಮೊದಲು ಕೂದಲಿಗೆ ತೇವ ತಗಲಿತು. ಆಮೇಲೆ ಹಿಂದೆ ಕಾಣುತ್ತಿದ್ದ ಕಲ್ಲಿನ ಮನೆ ಮಾಯವಾಯಿತು. ಆಮೇಲೆ ಮುಂದಿನ ದಾರಿಯೂ.

"ಮೋಡದೊಳಗ ಹೊಕ್ಕೇವೇನು ನಾವು?" ಖಾಸೀಂಬಿ ಕೈ ಮುಂದೆ ಚಾಚಿ ಬೆರಳಾಡಿಸಿದಳು. "ಕೆಳಗಿಂದ ಹತ್ತಿಯಂಗ ಕಾಣತಿತ್ತು. ಒಳಗ ಏನೂ ಇಲ್ಲಲ್ಲ. ನಮ್ಮ ಅಡಗಿ ಮನಿ ಹೊಗಿ ಇದ್ದಂಗದ, ಕಣ್ಣು ಉರಿಯಂಗಿಲ್ಲ ಅಷ್ಟ."

ಮುಂದಿನ ಹಳದಿ ಪಟ್ಟೆ ಹುಡುಕುತ್ತ ಒಂದೊಂದೇ ಕಲ್ಲು ಬಗ್ಗಿ ನೋಡುತ್ತ ಹೋದರು. ಆಗ ಗಂಟೆಗಳ ಸದ್ದು ಕೇಳಿಸಿತು. ಒಂದಲ್ಲ, ನೂರಾರು. ದಪ್ಪ ದನಿಯವು, ಸಣ್ಣ ದನಿಯವು, ಎಲ್ಲ ದಿಕ್ಕಿನಿಂದ. ಖಾಸೀಂಬಿ ನಿಂತು, ಎಲ್ಲಿಂದ ಬರುತ್ತಿದೆ ಎಂದು ತಲೆ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಮೋಡದ ಒಂದು ತುಂಡು ಬಿಡಿಸಿಕೊಂಡು ಮುಂದೆ ಬಂದಂತೆ ದೊಡ್ಡ ಬಿಳಿ ನಾಯಿಯೊಂದು ದಾರಿಗೆ ಅಡ್ಡ ನಿಂತಿತು.

ಅದು ಬೊಗಳಿದಾಗ ಖಾಸೀಂಬಿಯ ಕೈ ದ್ರೌಪದಿಯ ತೋಳಿಗೆ ಕಚ್ಚಿಕೊಂಡಿತು.

"ಓಡಬ್ಯಾಡ," ಎಂದಳು ದ್ರೌಪದಿ.

"ಓಡಾಕ ಕಾಲು ಎಲ್ಲವ ನಂಗ?"

ನಾಯಿ ಎರಡು ಹೆಜ್ಜೆ ಹತ್ತಿರ ಬಂತು. ಕರುವಿನಷ್ಟು ಎತ್ತರ. ಅದರ ಹಿಂದೆ ಮಸುಕಿನಲ್ಲಿ ಕುರಿಗಳ ಬೆನ್ನು ಕಾಣತೊಡಗಿದವು. ಏನು ಮಾತಾಡಬೇಕು ಎಂದು ಯೋಚಿಸಲು ದ್ರೌಪದಿಗೆ ಸಮಯವಿರಲಿಲ್ಲ. ಬಾಯಿಗೆ ಬಂದದ್ದು ಹೆರಿಗೆ ಕೋಣೆಯ ಮಾತುಗಳೇ.

"ಆತವ್ವಾ, ಆತು. ಏನೂ ಆಗಂಗಿಲ್ಲ. ನಾ ಇಲ್ಲೇ ಇದ್ದೇನಿ. ಉಸಿರು ಬಿಡು. ಹಾಂ, ಹಂಗ. ಭಾಳ ಶಾಣ್ಯಾಕಿ ಇದ್ದೀ ನೀನು. ಗಾಬರಿ ಆಗಬ್ಯಾಡ."

ತಗ್ಗಿದ ದನಿಯಲ್ಲಿ, ಅವಸರವಿಲ್ಲದೆ, ಅದನ್ನೇ ಮತ್ತೆ ಮತ್ತೆ ಹೇಳಿದಳು. ನಾಯಿ ಬೊಗಳುವುದು ನಿಲ್ಲಿಸಿತು. ಕತ್ತು ಒಂದು ಕಡೆ ವಾಲಿಸಿ ಕೇಳಿತು. ಹತ್ತಿರ ಬಂದು ದ್ರೌಪದಿಯ ಸೀರೆ ಅಂಚು ಮೂಸಿತು. ಖಾಸೀಂಬಿಯ ಕೈಚೀಲವನ್ನು ಮಾತ್ರ ಬಹಳ ಹೊತ್ತು ಮೂಸಿತು. ಖಾಸೀಂಬಿ ಕಣ್ಣು ಮುಚ್ಚಿಕೊಂಡು ದುವಾ ಓದುತ್ತಿದ್ದಳು.

"ಹೋತೇನು?"

"ಇಲ್ಲ. ನಿನ್ನ ಚೀಲದಾಗ ಏನದ?"

"ರೊಟ್ಟಿ. ಶೇಂಗಾ ಹಿಂಡಿ."

ಆಗ ಮೋಡದೊಳಗಿಂದ ಒಂದು ಶಿಳ್ಳೆ ಕೇಳಿಸಿತು. ನಾಯಿ ತಿರುಗಿ ಓಡಿತು. ಅದರ ಹಿಂದೆಯೇ ದೊಡ್ಡ ನೀಲಿ ಕೊಡೆ ಹಿಡಿದ ಹೆಂಗಸೊಬ್ಬಳು ಬಂದಳು. ಇವರದೇ ವಯಸ್ಸು. ಗಿಡ್ಡ ಬಿಳಿಗೂದಲು, ಕೆಸರಾದ ಬೂಟು, ಮೊಣಕೈಯ ಬಳಿ ತೇಪೆ ಹಚ್ಚಿದ ಉಣ್ಣೆಯ ಅಂಗಿ. ಸೀರೆಯುಟ್ಟ ಇಬ್ಬರನ್ನು ನೋಡಿ ಆಕೆಯ ಹುಬ್ಬು ಮೇಲೇರಿತು.

"ಬೋಂಜೂರ್!" ಎಂದಳು ಖಾಸೀಂಬಿ, ಇನ್ನೂ ನಡುಗುವ ದನಿಯಲ್ಲಿ.

ಆಕೆ ಜೋರಾಗಿ ನಕ್ಕಳು. ಎದೆಯ ಮೇಲೆ ಕೈ ಇಟ್ಟುಕೊಂಡು "ಮಾರ್ತ್" ಎಂದಳು. ಇವರೂ ಹೆಸರು ಹೇಳಿದರು. ದ್ರೌಪದಿ ಎಂಬುದು ಆಕೆಯ ನಾಲಿಗೆಗೆ ಬರಲಿಲ್ಲ, ಖಾಸೀಂ ಎಂಬುದು ಸಲೀಸಾಗಿ ಬಂತು. ದ್ರೌಪದಿ ಮೇಲಕ್ಕೆ ಕೈ ತೋರಿಸಿ, ಎರಡು ಕಣ್ಣಿನ ಮುಂದೆ ಬೆರಳು ಆಡಿಸಿ, ನೋಡಲು ಹೋಗುತ್ತಿದ್ದೇವೆ ಎಂದು ತಿಳಿಸಿದಳು. ಮಾರ್ತ್ ಮೋಡವನ್ನು ತೋರಿಸಿ ಬಾಯಿ ಸೊಟ್ಟ ಮಾಡಿದಳು. ಆದರೂ ಬನ್ನಿ ಎಂಬಂತೆ ಕೊಡೆ ಬೀಸಿ ಮುಂದೆ ನಡೆದಳು. ಕುರಿಗಳನ್ನು ಸುತ್ತಿಕೊಂಡು ನಾಲ್ವರೂ ಹೋದರು. ನಾಲ್ಕನೆಯದು ನಾಯಿ, ಖಾಸೀಂಬಿಯ ಚೀಲದ ಪಕ್ಕದಲ್ಲಿ.

ಕಲ್ಲಿನ ಕಟ್ಟೆ ಸಿಕ್ಕಿತು. ದುಂಡನೆಯದು, ಅದರ ಮೇಲೆ ಗೆರೆಗಳು, ಗೆರೆಯ ತುದಿಗೆ ಅಕ್ಷರಗಳು. ಒಂದೊಂದು ಗೆರೆಯೂ ಒಂದೊಂದು ಬೆಟ್ಟದ ಕಡೆಗೆ ತೋರಿಸುತ್ತಿತ್ತು. ತೋರಿಸಿದ ಕಡೆಯೆಲ್ಲ ಬಿಳಿ. ಖಾಸೀಂಬಿ ಒಂದು ಗೆರೆಯ ಮೇಲೆ ಬೆರಳಾಡಿಸುತ್ತ ಹೋಗಿ, ಅದು ಮುಗಿದಲ್ಲಿ ಗಾಳಿಯಲ್ಲೂ ಅದನ್ನು ಮುಂದುವರಿಸಿ, "ಇಲ್ಲೊಂದು ಗುಡ್ಡ ಅದ ಅಂತ. ನಂಬಬೇಕು," ಎಂದಳು.

ಕಟ್ಟೆಯ ಬುಡದಲ್ಲಿ ಕೂತು ಚೀಲ ಬಿಚ್ಚಿದರು. ಕಟಕ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿಯ ಖಾರದ ಪುಡಿ ಹಾಕಿ ಮಾರ್ತಳ ಕೈಗಿಟ್ಟರು. ಆಕೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಕಚ್ಚಿದಳು. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ಬಂತು, ಕೆಮ್ಮಿದಳು, ಎದೆ ಗುದ್ದಿಕೊಂಡಳು, ಮತ್ತೆ ಕೈ ಚಾಚಿದಳು. ತನ್ನ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಗಟ್ಟಿ ಚೀಸ್ ತೆಗೆದು ಚಾಕುವಿನಿಂದ ಕೊಯ್ದು ಕೊಟ್ಟಳು. ಖಾಸೀಂಬಿ ಅದನ್ನು ತಿನ್ನುತ್ತಲೇ ಮಾರ್ತಳ ಉಣ್ಣೆ ಅಂಗಿಯ ಅಂಚನ್ನು ಮಗುಚಿ ಹೆಣಿಗೆ ನೋಡುತ್ತಿದ್ದಳು. ಕುರಿಯನ್ನು ತೋರಿಸಿ, ಅಂಗಿಯನ್ನು ತೋರಿಸಿ, ಇದರದೇ ಉಣ್ಣೆಯೋ ಎಂದು ಕೇಳಿದಳು. ಮಾರ್ತ್ ತಲೆಯಾಡಿಸಿದಳು. ನೀನೇ ಹೆಣೆದದ್ದೋ? ಅಲ್ಲ, ಅವ್ವ, ಎಂದು ಮಾರ್ತ್ ಕೈಯನ್ನು ತನಗಿಂತ ಎತ್ತರಕ್ಕೆ ಹಿಡಿದು, ಆಮೇಲೆ ಕೆನ್ನೆಗೆ ಅಂಗೈ ಒತ್ತಿ ನಿದ್ದೆಯ ಸನ್ನೆ ಮಾಡಿದಳು. ಅವ್ವ ಈಗಿಲ್ಲವೆಂದು ತಿಳಿದ ಖಾಸೀಂಬಿ ಅಂಚನ್ನು ಸರಿಯಾಗಿ ಮಡಿಚಿ ಬಿಟ್ಟಳು.

ಮೋಡ ಸರಿಯಲಿಲ್ಲ. ದ್ರೌಪದಿ ಕೆಳಗಿನ ದಾರಿಯ ಕಡೆ ನೋಡಿದಳು.

"ಸುಮಿ ಒಬ್ಬಾಕಿನ ಅದಾಳ. ನಡಿ ಬೇ, ಹೋಗೂಣ. ಮುಟ್ಟಿ ಬಂದೇವಲ್ಲ, ಸಾಕು."

"ನೋಡಿದ್ದು ಏನದ?"

"ಏನೂ ಇಲ್ಲ," ಎಂದಳು ದ್ರೌಪದಿ. ಹಾಗೆಂದು ಎದ್ದಳಾದರೂ ಮೇಲಿನ ಕಡೆಗೊಮ್ಮೆ ನೋಡಿದಳು. ಮಾರ್ತ್ ಆ ನೋಟವನ್ನು ನೋಡಿರಬೇಕು. ಕೊಡೆ ಮಡಿಚಿ, ಕಟ್ಟೆಯ ಹಿಂದೆ ಏರುವ ಕುರಿಗಳ ಕಾಲುದಾರಿಯನ್ನು ತೋರಿಸಿದಳು. ಹತ್ತಿರವೇ, ಎಂದು ಹೆಬ್ಬೆರಳು ತೋರ್ಬೆರಳು ಕೂಡಿಸಿ ಹೇಳಿದಳು.

ಅಲ್ಲಿ ಹಳದಿ ಪಟ್ಟೆ ಇರಲಿಲ್ಲ. ದ್ರೌಪದಿ ಒಂದು ಕ್ಷಣ ತಡೆದಳು. ಖಾಸೀಂಬಿ ಆಗಲೇ ಮಾರ್ತಳ ಹಿಂದೆ ಇದ್ದಳು.

ಸ್ವಲ್ಪ ಏರಿದ ಮೇಲೆ ಕುದುರೆಯ ಜೀನಿನಂತೆ ತಗ್ಗಾದ ಒಂದು ಜಾಗ ಬಂತು. ಎರಡೂ ಬದಿಗೆ ಬಂಡೆ, ನಡುವೆ ಹುಲ್ಲು. ಹಿಂದಿನಿಂದ ಮೋಡ ಅಲ್ಲಿಯವರೆಗೆ ಹರಿದು ಬಂದು, ಹಾಲು ಉಕ್ಕಿ ಪಾತ್ರೆಯ ಅಂಚಿಗೆ ನಿಂತಂತೆ ನಿಂತುಬಿಟ್ಟಿತ್ತು. ಅದನ್ನು ದಾಟಿದ್ದೇ ತಡ, ಬಿಸಿಲು ಮುಖಕ್ಕೆ ಹೊಡೆಯಿತು.

ಖಾಸೀಂಬಿ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಯಾ ಅಲ್ಲಾ."

ಮುಂದೆ ನೆಲ ಕೆಳಗಿಳಿದು ಹೋಗಿತ್ತು. ಅಲ್ಲಿ ಹಸಿರು ಕಡಿಮೆ. ಕಂದು ಬಣ್ಣದ ಗುಡ್ಡದ ಸಾಲುಗಳು ಒಂದರ ಹಿಂದೆ ಒಂದು, ಒಂದಕ್ಕಿಂತ ಒಂದು ಗಿಡ್ಡವಾಗುತ್ತ ಹೋಗಿ, ಕೊನೆಗೆ ಬಿಸಿಲ ಧೂಳಿನಲ್ಲಿ ಮಟ್ಟಸವಾದ ಹಳದಿ ಬಯಲು. ಬಯಲಿನಲ್ಲಿ ಚೌಕ ಚೌಕ ಹೊಲಗಳು. ಅವುಗಳ ನಡುವೆ ಬೂದಿ ಬಣ್ಣದ ಒಂದು ಚುಕ್ಕೆ, ಊರಿರಬಹುದು. ಗಾಳಿ ಬೆಚ್ಚಗಿತ್ತು, ಒಣಹುಲ್ಲಿನ ವಾಸನೆ ಇತ್ತು.

"ಎಸ್ಪಾಞ್," ಎಂದಳು ಮಾರ್ತ್, ಕೊಡೆಯ ತುದಿಯಿಂದ ತೋರಿಸಿ. ಸ್ಪೇನ್ ಎಂದು ಇಬ್ಬರಿಗೂ ತಿಳಿಯಿತು. ಆಮೇಲೆ ಹುಲ್ಲಿನಲ್ಲಿ ಹೂತಿದ್ದ ಒಂದು ಗಡಿಕಲ್ಲನ್ನು ತೋರಿಸಿದಳು.

ಖಾಸೀಂಬಿ ಅದರ ಬಳಿ ಹೋಗಿ ಒಂದು ಕಾಲು ಈಚೆ, ಒಂದು ಕಾಲು ಆಚೆ ಇಟ್ಟು ನಿಂತಳು. "ನಮ್ಮಜ್ಜಿ ಕಾಲದಾಗ ಮಣ್ಣೂರಾಗ ಹೊಳಿ ದಾಟಿದ್ರ ಇಂಗ್ರೇಜರ ರಾಜ್ಯ ಇತ್ತಂತ. ಈ ದಂಡಿಗೆ ನಿಜಾಮನ ನಾಕಾ, ಗಂಟು ಬಿಚ್ಚಿ ನೋಡತಿದ್ರಂತ. ಇಲ್ಲಿ ಕೇಳವರು ಯಾರೂ ಇಲ್ಲಲ್ಲ! ಒಂದು ಕಲ್ಲು ನೆಟ್ಟು ಮನಿಗೆ ಹೋಗ್ಯಾರ." ಹಾಗೆಂದು ಎರಡನೆಯ ಕಾಲನ್ನೂ ಎತ್ತಿ ಆಚೆಗೆ ಇಟ್ಟಳು.

ದ್ರೌಪದಿ ಆ ಬಯಲನ್ನೇ ನೋಡುತ್ತಿದ್ದಳು. ಸಮುದ್ರ ಇರಲಿಲ್ಲ. ಮಾವಿನ ತೋಟ ಇರಲಿಲ್ಲ. ಆಕೆ ಯಾರಿಗೂ ಹೇಳಿರದ ಸಂಗತಿ ಅಲ್ಲಿತ್ತು. ಹಿಮದ ಬೆಟ್ಟದ ಬೆನ್ನಿಗೆ ಬಿಸಿಲು, ಧೂಳು, ಕೊಯ್ಲಾದ ಹೊಲ. ಅಳು ಬಂದೀತೆಂದು ಆಕೆ ಅಂದುಕೊಂಡಿದ್ದಳು, ನಗು ಬಂತು. ಎಂದೂ ಹೇಳದಿದ್ದ ಸುಂದರಬಾಯಿಯ ಮಾತನ್ನು ಆಗ ಖಾಸೀಂಬಿಗೆ ಹೇಳಿದಳು. ಖಾಸೀಂಬಿಯೂ ಬಿದ್ದು ಬಿದ್ದು ನಕ್ಕಳು. ಏನೆಂದು ತಿಳಿಯದಿದ್ದರೂ ಮಾರ್ತ್ ಕೂಡ ನಕ್ಕಳು. ನಾಯಿ ಮೂವರನ್ನೂ ನೋಡುತ್ತ ಬಿಸಿಲಿಗೆ ಮೈಯೊಡ್ಡಿ ಮಲಗಿತು.

"ಅಲ್ಲಿ ಏನ್ ಬಿತ್ತಿರಬೇಕು?" ಎಂದಳು ದ್ರೌಪದಿ ಆಮೇಲೆ.

"ದೂರದಿಂದ ಹ್ಯಾಂಗ ತಿಳೀತದ? ಹೋಗಿ ನೋಡಬೇಕು."

ಇಳಿಯುವಾಗ ಮಾರ್ತ್ ಕುರಿಗಳ ತನಕ ಬಂದು, ಹಳದಿ ಪಟ್ಟೆಯ ಮೇಲೆ ಅವರ ಕಾಲು ಇಡಿಸಿ, ಇಬ್ಬರ ಕೆನ್ನೆಗೂ ಕೆನ್ನೆ ತಾಗಿಸಿ ಬೀಳ್ಕೊಟ್ಟಳು. ಖಾಸೀಂಬಿ ಉಳಿದ ಹಿಂಡಿಯ ಪೊಟ್ಟಣವನ್ನು ಆಕೆಯ ಜೇಬಿಗೆ ತುರುಕಿದಳು. ಒಂದು ರೊಟ್ಟಿಯನ್ನು ನಾಯಿಯ ಕಡೆಗೂ ಎಸೆದಳು, ದೂರದಿಂದ.

ಕಲ್ಲಿನ ಮನೆಯ ಬಳಿ ಸುಮಂಗಲಾ ಕೂತಿರಲಿಲ್ಲ. ಕುಂಟುತ್ತ ಹುಲ್ಲಿನ ದಾರಿಯಲ್ಲಿ ಅರ್ಧ ಬಂದು, "ಅವ್ವಾ" ಎಂದು ಮೋಡದೊಳಕ್ಕೆ ಕೂಗುತ್ತಿದ್ದಳು. ಇವರನ್ನು ಕಂಡದ್ದೇ ಸಿಟ್ಟೆಲ್ಲ ಹೊರಬಿತ್ತು.

"ಎಷ್ಟು ಹೊತ್ತು! ಮೋಡ ಬಿದ್ದದ್ದು ನೋಡಿ ಜೀವಾನೇ ಹೋಗಿತ್ತು ನಂದು. ನೀರು ಕೊಟ್ಟ ಆ ಮಂದಿ ಮ್ಯಾಲೆ ಹುಡುಕಾಕ ಹೊಂಟಿದ್ರು. ಎಲ್ಲಿಗೆ ಹೋಗಿದ್ರಿ ಇಬ್ಬರೂ?"

"ಸ್ಪೇನಿಗೆ," ಎಂದಳು ಖಾಸೀಂಬಿ.

ಸುಮಂಗಲಾ ಅವ್ವನ ಕಡೆ ತಿರುಗಿದಳು. ದ್ರೌಪದಿ ಮಗಳ ಕಾಲು ನೋಡಲು ಬಗ್ಗಿ ಕೂತಿದ್ದಳು. "ಕಾಲು ಊರಿ ಯಾಕ ಬಂದಿ? ಮತ್ತ ಬಾವು ಬಂದದ ನೋಡು." ಆಮೇಲೆ ಪಟ್ಟಿ ಬಿಚ್ಚಿ ಹೊಸದಾಗಿ ಸುತ್ತುತ್ತ, ತಲೆ ಎತ್ತದೆ, ನಡೆದದ್ದನ್ನೆಲ್ಲ ಹೇಳಿದಳು. ನಾಯಿಯದು, ಮಾರ್ತಳದು, ಬಯಲಿನದು. ಅಂದೋಲಾದ ಗೋಡೆಯ ಮೇಲಿನ ಚಿತ್ರದ್ದು ಕೂಡ. ಸುಮಂಗಲಾಳ ಸಿಟ್ಟು ಎಲ್ಲೋ ನಡುವೆ ಇಳಿದುಹೋಯಿತು. ಆಕೆ ಆ ಕೋಣೆಯಲ್ಲೇ ಹುಟ್ಟಿದವಳು. ಆ ಚಿತ್ರವನ್ನು ನೂರು ಸಲ ನೋಡಿದ್ದರೂ ಅದರ ಹಿಂದಿನದನ್ನು ಕೇಳಬೇಕೆಂದು ಆಕೆಗೆ ಹೊಳೆದಿರಲಿಲ್ಲ.

"ಆ ಬಯಲಿಗೆ ಬಸ್ ಹೋಗ್ತದವ್ವಾ," ಎಂದಳು. "ಗುಡ್ಡದ ಹೊಟ್ಟಿಯೊಳಗ ಸುರಂಗ ಅದ."

ಕಾಲು ನೆಟ್ಟಗಾದ ಮೇಲೆ ಒಂದು ಭಾನುವಾರ ಮೂವರೂ ಹೋದರು. ಸುರಂಗದ ಕತ್ತಲೆ ಮುಗಿದು ಬಸ್ಸು ಆಚೆ ಬಿಸಿಲಿಗೆ ಬಂದಾಗ ಖಾಸೀಂಬಿ ಕಿಟಕಿಯ ಸೀಟನ್ನು ದ್ರೌಪದಿಗೆ ಬಿಟ್ಟುಕೊಟ್ಟಿದ್ದಳು. ಬಹಳ ದೊಡ್ಡ ತ್ಯಾಗ ಅದು. ಬೆಟ್ಟಗಳು ಹಿಂದಾದವು. ಕೊಯ್ದ ಹೊಲಗಳು, ತಲೆ ಬಗ್ಗಿಸಿದ ಸೂರ್ಯಕಾಂತಿ, ಕೆಂಪು ಹಂಚಿನ ಸಣ್ಣ ಊರು. ಅಲ್ಲಿ ಇಳಿದರು.

ಊರು ಮಧ್ಯಾಹ್ನದ ನಿದ್ದೆಯಲ್ಲಿತ್ತು. ಒಂದು ಮನೆಯ ನೆರಳಿನಲ್ಲಿ ಮಾತ್ರ ಒಬ್ಬ ಅಜ್ಜಿ ಬುಟ್ಟಿ ಮುಂದಿಟ್ಟುಕೊಂಡು ಹಸಿರು ಸಿಪ್ಪೆಯ ಯಾವುದೋ ಕಾಯಿ ಸುಲಿಯುತ್ತಿದ್ದಳು. ಖಾಸೀಂಬಿ ಹೋಗಿ ಇಣುಕಿದಳು. ತುಪ್ಪಳದಂಥ ಸಿಪ್ಪೆ ಬಾಯಿ ಬಿಟ್ಟು, ಒಳಗಿನಿಂದ ಬಾದಾಮಿ ಕಾಣುತ್ತಿತ್ತು.

"ಬಾದಾಮ್! ಇದು ಹಿಂಗ ಇರ್ತದ? ಮ್ಯಾಲೊಂದು ಕೋಟು ಬೇರೆ ಹಾಕ್ಕೊಂಡಿರ್ತದ? ಸುಮೀ, ಕೇಳು, ಗಿಡ ಎಷ್ಟು ವರ್ಷಕ್ಕ ಫಲಾ ಕೊಡ್ತದ, ನೀರು ಎಷ್ಟು ಬೇಕಂತ?"

ಸುಮಂಗಲಾಳಿಗೆ ಸ್ಪ್ಯಾನಿಷ್ ಅರೆಬರೆ. ಕೇಳಿದಳು. ಅಜ್ಜಿ ಉದ್ದಕ್ಕೆ ಏನೇನೋ ಹೇಳಿದಳು. ನೀರು ಹೆಚ್ಚು ಬೇಡವಂತೆ, ಹೂ ಬಿಡುವಾಗ ಹಿಮ ಬೀಳಬಾರದಂತೆ. ಹೊಲದಲ್ಲಿ ಏನು ಬಿತ್ತುತ್ತೀರಿ ಎಂದು ದ್ರೌಪದಿ ಕೇಳಿಸಿದಳು. ಬಾರ್ಲಿ ಎಂದಳು ಅಜ್ಜಿ, ಆಮೇಲೆ ಬೆರಳು ಮಡಿಸಿ ಇನ್ನೊಂದು ಹೆಸರು ಹೇಳಿದಳು. ಸುಮಂಗಲಾ ಕಣ್ಣರಳಿಸಿ ಅದನ್ನೇ ಮತ್ತೊಮ್ಮೆ ಹೇಳಿಸಿದಳು.

"ಕಡ್ಲಿ ಅವ್ವಾ. ಕಡ್ಲಿ ಹಾಕ್ತಾರಂತ. ಹೋದ ವರ್ಷ ಬೇರು ಕೊಳೆತು ಹೋದ್ವಂತ." ಸುಮಂಗಲಾ ಆಗಲೇ ಅಜ್ಜಿಯ ಮುಂದೆ ಮಂಡಿಯೂರಿ, ಎಲೆ ಹಳದಿ ಆಗಿದ್ದು ಮೊದಲು ಮೇಲಿನದೋ ಕೆಳಗಿನದೋ ಎಂದು ಕೇಳುತ್ತಿದ್ದಳು.

ಅಜ್ಜಿ ಒಳಗಿನಿಂದ ಎರಡು ಮಣೆ ತಂದಿಟ್ಟಳು. ಖಾಸೀಂಬಿ ಕೂತು ಒಂದು ಕಾಯಿ ಕೈಗೆತ್ತಿಕೊಂಡು ಸುಲಿಯತೊಡಗಿದಳು. ದ್ರೌಪದಿ ಅಂಗಳದಾಚೆಯ ಬಾದಾಮಿ ಮರದ ಕೆಳಗೆ ಹೋಗಿ, 'ಮುಟ್ಟಲೇ' ಎಂದು ಅಜ್ಜಿಯ ಕಡೆ ನೋಡಿ ಕೇಳಿ, ಆಕೆ ತಲೆಯಾಡಿಸಿದ ಮೇಲೆ ಒಂದು ಕೊಂಬೆಯನ್ನು ಬಗ್ಗಿಸಿ ಎಲೆಯ ಅಡಿಯನ್ನು ನೋಡಿದಳು. ರಸ್ತೆಯಲ್ಲಿ ಅವರು ಹಿಂದಿರುಗಬೇಕಿದ್ದ ಬಸ್ಸು ಬಂದು ನಿಂತಿತು, ಹಾರ್ನ್ ಹೊಡೆಯಿತು, ಹೋಯಿತು. ಮುಂದಿನದು ಸಂಜೆಗೆ ಎಂದು ಅಜ್ಜಿ ಹೇಳಿದ್ದನ್ನು ಅನುವಾದಿಸುವ ಪುರಸೊತ್ತು ಸುಮಂಗಲಾಳಿಗೆ ಇರಲಿಲ್ಲ, ಕೇಳುವ ಪುರಸೊತ್ತು ಉಳಿದಿಬ್ಬರಿಗೂ ಇರಲಿಲ್ಲ.